ಬಂಗಾರಪೇಟೆಯವರೆಗಿನ ಪೋಷಕರ ಸಭೆ

ಪೋಷಕರು ಶಾಲೆಯತ್ತ ತಲೆ ಹಾಕುವುದಿಲ್ಲ ಎಂಬ ದೂರನ್ನು ನನ್ನ ಸೇವಾವಧಿಯಲ್ಲಿ ಎಷ್ಟು ಬಾರಿ ಕೇಳಿದ್ದೇನೆಂದರೆ, ನಿವೃತ್ತಳಾದ ಮೇಲೂ ಅದು ಬೆನ್ನು ಬಿಟ್ಟಿಲ್ಲ. ಮೊನ್ನೆ ರಾಬರ್ಟ್‌ಸನ್‌ಪೇಟೆಯ ತರಕಾರಿ ಅಂಗಡಿಯ ಮುಂದೆ ಹೊಸದಾಗಿ ನೇಮಕಗೊಂಡ ಶಿಕ್ಷಕಿಯೊಬ್ಬರು ನನ್ನನ್ನು ನಿಲ್ಲಿಸಿಕೊಂಡು ಅದನ್ನೇ ಹೇಳಿದರು. ಇಂಗ್ಲಿಷ್ ಮಾಧ್ಯಮ ಬೇಕೆಂದು ಗಲಾಟೆ ಮಾಡಿ ಮಕ್ಕಳನ್ನು ಸೇರಿಸಿದವರು ಈಗ ಸಭೆಗೆ ಕರೆದರೆ ಬರುವುದಿಲ್ಲವಂತೆ, ಈ ಜನಕ್ಕೆ ಮಕ್ಕಳ ಮೇಲೆ ಆಸ್ಥೆಯೇ ಇಲ್ಲವಂತೆ. ಕೈಯಲ್ಲಿ ನುಗ್ಗೆಕಾಯಿಯ ಕಟ್ಟು ಹಿಡಿದುಕೊಂಡು, ಹಿಂದೆ ನಿಂತ ಗಿರಾಕಿಗಳ ಗೊಣಗಾಟದ ನಡುವೆ ಅವರಿಗೆ ಉತ್ತರ ಹೇಳುವುದು ನನ್ನಿಂದಾಗಲಿಲ್ಲ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ವಂಶದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಬೇತಮಂಗಲದ ಪಕ್ಕದ ಹಳ್ಳಿಯವಳು. ನನ್ನ ತಾಯಿ ನನ್ನ ಶಾಲೆಯ ಹೊಸಿಲನ್ನು ಒಮ್ಮೆಯೂ ತುಳಿದವರಲ್ಲ. ಅಲ್ಲಿಗೆ ಬಂದರೆ ಯಾವ ಕಡೆ ನಿಲ್ಲಬೇಕೆಂಬುದೇ ಅವರಿಗೆ ತಿಳಿದಿರಲಿಲ್ಲ. ಆದುದರಿಂದ ಬಾರದ ಪೋಷಕರನ್ನು ಹಗುರವಾಗಿ ಆಡಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಾಗೆಂದು ಬಂದ ಪೋಷಕರು ನನಗೆ ಸಿಟ್ಟು ತರಿಸಲಿಲ್ಲವೆಂದೇನೂ ಅಲ್ಲ.

ನಾನು ಸೇವೆಗೆ ಸೇರಿದಾಗ ಇಂಗ್ಲಿಷ್ ಐದನೆಯ ತರಗತಿಯಿಂದ ಆರಂಭವಾಗುತ್ತಿತ್ತು. ಆಮೇಲೆ ಅದು ಒಂದನೆಯ ತರಗತಿಗೆ ಇಳಿಯಿತು. ಕೊನೆಗೆ, ನಾನು ಮುಚ್ಚಿಹೋದ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿದ್ದಾಗ, ಇಂಗ್ಲಿಷ್ ಮಾಧ್ಯಮದ ವಿಭಾಗವೇ ತೆರೆಯಿತು. ಪ್ರತಿ ಸಲವೂ ಪುಸ್ತಕ ಬದಲಾಯಿತು, ತರಬೇತಿ ಬದಲಾಯಿತು, ತರಬೇತಿಯಲ್ಲಿ ಕೊಡುವ ಬಿಸ್ಕತ್ತು ಕೂಡ ಬದಲಾಯಿತು. ಬದಲಾಗದೆ ಉಳಿದದ್ದು ‘ಪೋಷಕರನ್ನು ತೊಡಗಿಸಿಕೊಳ್ಳತಕ್ಕದ್ದು’ ಎಂಬ ಒಂದು ವಾಕ್ಯ. ಹೇಗೆ ತೊಡಗಿಸಿಕೊಳ್ಳಬೇಕೆಂದು ಯಾವ ಸುತ್ತೋಲೆಯೂ ತಿಳಿಸಲಿಲ್ಲ.

ದಾಖಲಾತಿಯ ದಿನ ಮಾತ್ರ ಜಾತ್ರೆ. ತಂದೆ, ತಾಯಿ, ಚಿಕ್ಕಪ್ಪ, ಅತ್ತೆ ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬಂದರು. ಮಗುವಿಗೆ ಏನು ಇಷ್ಟ, ಏನು ಕಷ್ಟ ಎಂದು ನಾನು ಕೇಳಿದರೆ, ಅದೆಲ್ಲ ನಿಮಗೆ ಬಿಟ್ಟದ್ದು, ಇಂಗ್ಲೀಷು ಒಂದು ಬಂದುಬಿಡಲಿ ಎಂದರು. ಆ ದಿನ ಕಂಡ ಮುಖಗಳನ್ನು ಮತ್ತೆ ಕಾಣಬೇಕಾದರೆ ಮುಂದಿನ ದಾಖಲಾತಿಯವರೆಗೆ ಕಾಯಬೇಕು.

ಇದಕ್ಕೆ ಕಾರಣ ಆಸ್ಥೆಯ ಕೊರತೆಯಲ್ಲ. ನಮ್ಮ ಊರಿನ ತಾಯಂದಿರಲ್ಲಿ ಅರ್ಧದಷ್ಟು ಜನ ಬೆಳಗಿನ ರೈಲಿಗೆ ಬೆಂಗಳೂರಿನ ಕಡೆಯ ಬಟ್ಟೆ ಕಾರ್ಖಾನೆಗಳಿಗೆ ಹೋಗುವವರು. ಮಾರಿಕುಪ್ಪಂನಿಂದ ಹೊರಡುವ ಆ ರೈಲು ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ತಲುಪುವ ವೇಳೆಗೆ ಶಾಲೆಯ ಗೇಟಿನ ಬೀಗವನ್ನೂ ತೆಗೆದಿರುವುದಿಲ್ಲ. ಅವರು ಮರಳುವ ವೇಳೆಗೆ ಮಕ್ಕಳು ಉಂಡಿರುತ್ತಾರೆ. ಅಂತಹವರನ್ನು ಶನಿವಾರ ಹನ್ನೊಂದು ಗಂಟೆಗೆ ಸಭೆಗೆ ಕರೆಯಬೇಕೆಂದು ಆದೇಶ. ಸಮಯ ಬದಲಿಸಲು ಅನುಮತಿ ಕೇಳಿದಾಗ, ಎಲ್ಲ ಶಾಲೆಗಳಲ್ಲಿಯೂ ಒಂದೇ ಸಮಯದಲ್ಲಿ ನಡೆದರೆ ಚೆನ್ನಾಗಿ ಕಾಣುತ್ತದೆ ಎಂಬ ಉತ್ತರ ಬಂತು. ಯಾರಿಗೆ ಕಾಣುತ್ತದೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಸಭೆಗೆ ಬರುತ್ತಿದ್ದವರು ಅಜ್ಜಿಯಂದಿರು. ನಮ್ಮ ಕ್ಲಸ್ಟರಿನ, ಎಂದರೆ ಸುತ್ತಲಿನ ಶಾಲೆಗಳ ಗುಂಪಿನ, ಮೇಲ್ವಿಚಾರಣೆಗೆ ಒಬ್ಬ ಅಧಿಕಾರಿಯಿದ್ದರು, ಸಿ.ಆರ್.ಪಿ. ಎಂದು ನಾವು ಕರೆಯುತ್ತಿದ್ದೆವು. ಅವರಿಗೆ ಬ್ಯಾನರು ಮತ್ತು ಛಾಯಾಚಿತ್ರಗಳ ಮೇಲೆ ವಿಶೇಷ ಪ್ರೀತಿ. ಅಜ್ಜಿಯಂದಿರನ್ನು ಮೊದಲು ಒಂದನೆಯ ತರಗತಿಯ ಪೋಷಕರೆಂದು ಮರದ ಕೆಳಗೆ ನಿಲ್ಲಿಸಿ, ಆಮೇಲೆ ಎರಡನೆಯ ತರಗತಿಯ ಪೋಷಕರೆಂದು ಕೊಳಾಯಿಯ ಮುಂದೆ ನಿಲ್ಲಿಸಿ ಫೋಟೋ ತೆಗೆಸಿದರು. ಒಬ್ಬ ಅಜ್ಜಿ ಮೂರನೆಯ ಫೋಟೋದ ಹೊತ್ತಿಗೆ ಬೇಸತ್ತು, ಇಷ್ಟು ಫೋಟೋ ತನ್ನ ಮದುವೆಯಲ್ಲಿಯೂ ತೆಗೆದಿರಲಿಲ್ಲ ಎಂದು ಗೊಣಗಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

ವಾಟ್ಸಾಪ್ ಗುಂಪಿನ ವಿಚಾರವನ್ನೂ ಹೇಳಿಬಿಡುತ್ತೇನೆ. ಕಾಲಕ್ಕೆ ತಕ್ಕಂತೆ ನಡೆಯಬೇಕೆಂದು ನಾನೇ ಮುಂದಾಗಿ ಅದನ್ನು ಆರಂಭಿಸಿದೆ. ಮಗುವಿಗೆ ಮನೆಯಲ್ಲಿ ದಿನವೂ ಒಂದಿಷ್ಟು ಹೊತ್ತು ಏನಾದರೂ ಹೇಳಿ, ಯಾವ ಭಾಷೆಯಾದರೂ ಸರಿ ಎಂದು ಸರಳ ಕನ್ನಡದಲ್ಲಿ ಧ್ವನಿ ಸಂದೇಶ ಕಳುಹಿಸಿದೆ. ಉತ್ತರವಾಗಿ ಸಾಲುಸಾಲಾಗಿ ಕೈಮುಗಿದ ಚಿತ್ರಗಳು ಬಂದವು. ನನಗೆ ಹಿಗ್ಗೋ ಹಿಗ್ಗು. ವಿಚಾರಿಸಿದಾಗ ತಿಳಿದದ್ದೇನೆಂದರೆ, ಫೋನುಗಳೆಲ್ಲ ತಂದೆಯರ ಬಳಿ ಇದ್ದವು. ತಂದೆಯರು ಲಾರಿಗಳ ಮೇಲೆ, ಕಟ್ಟಡಗಳ ಮೇಲೆ ಇದ್ದರು. ಧ್ವನಿ ಸಂದೇಶವನ್ನು ಒಬ್ಬರೂ ಕೇಳಿರಲಿಲ್ಲ. ಮಿಸ್ಸು ಏನೋ ಕಳಿಸಿದ್ದಾರೆ, ಕೈಮುಗಿದರೆ ಮರ್ಯಾದೆ ಎಂದು ಕೈಮುಗಿದಿದ್ದರು.

ಇಂತಹ ದಿನಗಳಲ್ಲಿ, ಒಂದು ಶನಿವಾರದ ಸಭೆಗೆ ರತ್ನಮ್ಮ ಎಂಬ ತಾಯಿ ಕಾರ್ಖಾನೆಗೆ ರಜೆ ಹಾಕಿ ಬಂದಳು. ಎರಡನೆಯ ತರಗತಿಯ ಭವ್ಯಳ ತಾಯಿ. ಹುಟ್ಟಿದೂರು ಬೇತಮಂಗಲದ ಕಡೆ, ತವರಿನ ಮಾತು ತೆಲುಗು. ಚಾಂಪಿಯನ್ ರೀಫ್ಸಿನಲ್ಲಿ ಗಣಿ ಕಾರ್ಮಿಕರ ಹಳೆಯ ಲೈನ್ ಮನೆಗೆ ಸೊಸೆಯಾಗಿ ಬಂದವಳು. ಅತ್ತೆಯದು ತಮಿಳು, ಬೀದಿಯದು ಕನ್ನಡ. ಮಗಳು ಭವ್ಯ ಈ ಮೂರನ್ನೂ ಒಂದೇ ಉಸಿರಿಗೆ ಆಡುತ್ತಿದ್ದ ಮಾತಿನಮಲ್ಲಿ. ಶಾಲೆ ಆರಂಭವಾದ ಹೊಸತರಲ್ಲಿ ಅವಳು ಹೇಳಿದ ಒಂದು ಕಥೆಗೆ ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತ್ತು. ಬಸ್ಸು ಹತ್ತಿದ ಟಗರೊಂದು ಕಂಡಕ್ಟರನ ಟಿಕೆಟ್ಟುಗಳನ್ನು ತಿಂದುಹಾಕಿದ ಕಥೆ. ಕಂಡಕ್ಟರನ ಪಾತ್ರಕ್ಕೆ ಅವಳು ನನ್ನ ಕನ್ನಡಕವನ್ನೇ ಬೇಡಿ ಪಡೆದಿದ್ದಳು.

ಆ ಸಭೆಯಲ್ಲಿ ಸಿ.ಆರ್.ಪಿ.ಯವರು ಒಂದು ಭಾಷಣ ಮಾಡಿದರು. ಮಗುವಿಗೆ ಇಂಗ್ಲಿಷ್ ಬರಬೇಕಾದರೆ ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಯಾವ ಭಾಷೆಯೂ ಅದರ ಕಿವಿಗೆ ಬೀಳಬಾರದು ಎಂದರು. ಹಿಂದಿನ ಸಾಲಿನಿಂದ ರತ್ನಮ್ಮ ಎದ್ದು, ನಮಗೆ ಇಂಗ್ಲೀಷು ಬರುವುದಿಲ್ಲವಲ್ಲ ಸಾರ್ ಎಂದಳು. ಹಾಗಾದರೆ ನಿಮ್ಮ ಭಾಷೆಯನ್ನಾದರೂ ಮಗುವಿನ ಮುಂದೆ ಆಡಬೇಡಿ, ಕೆಡಿಸದಿದ್ದರೆ ಅದೇ ದೊಡ್ಡ ಉಪಕಾರ ಎಂದು ಅವರು ನಕ್ಕರು. ಎಲ್ಲರೂ ನಕ್ಕರು. ನಾನು ಎದ್ದು, ‘ಸರ್, ಅದು ಹಾಗಲ್ಲ’ ಎನ್ನುವಷ್ಟರಲ್ಲಿ ಫೋಟೋಗೆ ನಿಲ್ಲುವಂತೆ ಕೂಗಲಾಯಿತು. ಬ್ಯಾನರಿನ ಒಂದು ತುದಿಯನ್ನು ನನ್ನ ಕೈಗೇ ಕೊಟ್ಟರು.

ನಗದೆ ಇದ್ದವಳು ರತ್ನಮ್ಮ ಒಬ್ಬಳೇ.

ಸ್ವಲ್ಪ ದಿನಗಳಲ್ಲಿ ಭವ್ಯಳ ಮಾತು ಕಡಿಮೆಯಾಯಿತು. ಆಮೇಲೆ ನಿಂತೇಹೋಯಿತು. ನೀರು ಬೇಕಾದರೆ ಹೆಬ್ಬೆರಳನ್ನು ಬಾಯಿಯತ್ತ ತೋರಿಸುವಳು. ಇಂಗ್ಲಿಷ್ ಪಾಠಕ್ಕೆ ಬಾಯಿ ತೆರೆಯದಿದ್ದರೆ ಅರ್ಥವಾಗುತ್ತಿತ್ತು. ಆಟದ ಬಯಲಿನಲ್ಲಿಯೂ ಮೌನ. ಮೊದಲು ಗಂಟಲು ನೋವೆಂದುಕೊಂಡೆ. ಯಾರಾದರೂ ಹೆದರಿಸಿರಬಹುದೆಂದು ಮಕ್ಕಳನ್ನು ವಿಚಾರಿಸಿದೆ. ಕೊನೆಗೆ ಶಾಲೆ ಬಿಟ್ಟ ಮೇಲೆ ಅವಳ ಹಿಂದೆಯೇ ಮನೆಗೆ ಹೋದೆ.

ಗಣಿಯ ತ್ಯಾಜ್ಯ ಮಣ್ಣು ಸುರಿದ ಸೈನೇಡ್ ದಿಬ್ಬದ ಕಡೆಗೆ ಮುಖ ಮಾಡಿದ ಲೈನ್ ಮನೆ. ಒಳಗೆ ಟಿ.ವಿ.ಯಲ್ಲಿ ಇಂಗ್ಲಿಷ್ ಕಾರ್ಟೂನು ಒಂದೇ ಸಮನೆ ಕಿರುಚುತ್ತಿತ್ತು. ತಟ್ಟೆಯಲ್ಲಿ ಬಿಸ್ಕತ್ತು ಮುಚ್ಚಿಟ್ಟಿತ್ತು. ಮನೆಯಲ್ಲಿ ಯಾರೂ ಇಲ್ಲ. ಅಜ್ಜಿ ಎಲ್ಲಿ ಎಂದು ಕೇಳಿದರೆ ಭವ್ಯ ಎದುರು ಮನೆಯ ಕಡೆ ಬೆರಳು ತೋರಿಸಿದಳು. ಅಲ್ಲಿ ಜಗುಲಿಯ ಮೇಲೆ ಅಜ್ಜಿ ತಮ್ಮ ಬಾಗಿಲನ್ನೇ ನೋಡುತ್ತ ಕುಳಿತಿದ್ದರು.

‘ಮಗು ಬಂತು ಅಂದ್ರೆ ನಾನು ಇಲ್ಲಿ ಬಂದು ಕೂತ್ಕೋತೀನಿ ಟೀಚರಮ್ಮ’ ಎಂದರು, ದನಿ ತಗ್ಗಿಸಿ. ‘ಅಲ್ಲೇ ಇದ್ರೆ ನನ್ ಬಾಯಿ ಸುಮ್ನಿರಲ್ಲ. ತಮಿಳು ಬಂದ್ಬುಡ್ತದೆ. ಸೊಸೆ ಬೈತಾಳೆ.’

‘ನಿಮ್ಮ ಸೊಸೆ ಮನೆಗೆ ಬಂದ ಮೇಲೆ?’

‘ಅವಳೂ ಮಾತಾಡಲ್ಲ. ಊಟಕ್ಕೆ ಕೈ ಸನ್ನೆ. ಮಗು ಮಲಗಿದ್ ಮೇಲೆ ಇಬ್ರೂ ಅಡಿಗೆ ಮನೇಲಿ ಪಿಸಪಿಸ ಅಂತೀವಿ. ಕಳ್ರು ಇದ್ದಂಗೆ ಇದ್ದೀವಿ ನಮ್ ಮನೇಲಿ ನಾವು.’

ಮೂರು ಭಾಷೆಗಳಿದ್ದ ಮನೆಯಲ್ಲಿ ಒಂದೂ ಉಳಿದಿರಲಿಲ್ಲ. ಭವ್ಯಳ ತಂದೆ ಲಾರಿಯ ಮೇಲಿದ್ದು ಅಪರೂಪಕ್ಕೆ ಬರುವವನು. ಬಂದಾಗ ಅವನ ಬಾಯಿಯನ್ನೂ ಮುಚ್ಚಿಸಲಾಗುತ್ತಿತ್ತಂತೆ. ನನಗೆ ಬಂದ ಸಿಟ್ಟು ಯಾರ ಮೇಲೆಂದು ನನಗೇ ತಿಳಿಯಲಿಲ್ಲ. ಇಡೀ ಕ್ಲಸ್ಟರಿನಲ್ಲಿ ಒಂದು ಭಾಷಣವನ್ನು ಅಕ್ಷರಶಃ ಪಾಲಿಸಿದ ಒಬ್ಬಳೇ ಒಬ್ಬ ಪೋಷಕಿ ಇದ್ದಳು. ಅವಳು ಪಾಲಿಸಿದ್ದು ಈ ಭಾಷಣವನ್ನು.

ಭಾನುವಾರ ರತ್ನಮ್ಮನನ್ನು ಕಾಣಲು ಮತ್ತೆ ಹೋದೆ. ಮಗು ಮನೆಯ ಮಾತನ್ನು ಕಳೆದುಕೊಂಡರೆ ಇಂಗ್ಲಿಷಿಗೆ ನಿಲ್ಲಲು ನೆಲವೇ ಇರುವುದಿಲ್ಲ, ನೀನು ತೆಲುಗಿನಲ್ಲಿಯೇ ಮಾತಾಡು ಎಂದು ನನಗೆ ತಿಳಿದಷ್ಟು ವಿವರಿಸಿದೆ. ಅವಳು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಮಗಳಿಗೆ ಕೇಳಿಸದಂತೆ ಮಾತನಾಡಿದಳು.

‘ಬೇಜಾರ್ ಮಾಡ್ಕೋಬೇಡಿ ಮಿಸ್ಸೇ. ಆವತ್ತು ಸಾರು ಏಳ್ದಾಗ ನೀವೂ ಪಕ್ಕದಾಗೇ ಬ್ಯಾನರ್ ಇಡ್ಕೊಂಡು ನಿಂತಿದ್ರಿ. ಈಗ ಬೇರೆ ಏಳ್ತೀರ. ಯಾರ್ ಮಾತು ಕೇಳ್ಬೇಕು ನಾವು?’

‘ನಾನು ಅವಳ ಟೀಚರ್, ರತ್ನಮ್ಮ. ದಿನಾ ನೋಡುವವಳು ನಾನು.’

‘ಅವರು ಆಫೀಸರು. ನಾನು ತೆಲುಗು ಮಾತಾಡ್ಕೊಂಡೇ ಬೆಳ್ದೆ ಮಿಸ್ಸೇ. ಎಲ್ ಬಂದು ಕೂತೆ ನೋಡಿ, ಕಾಲರ್ ಒಲಿಯೋ ಮಿಷನ್ ಮುಂದೆ. ನಮ್ ಸೂಪರ್‌ವೈಸರ್ ಇಂಗ್ಲೀಷಲ್ ಬೈದ್ರೆ ಬೈದಿದ್ದೋ ಒಗಳಿದ್ದೋ ಅಂತಾನೂ ಗೊತ್ತಾಗಲ್ಲ, ಸುಮ್ನೆ ನಗ್ತೀನಿ. ನನ್ ಮಗಳು ಅಂಗೆ ನಗ್ಬಾರ್ದು.’

ಆಮೇಲೆ ಅವಳು ನಿರ್ಧಾರ ಹೇಳಿದಳು. ದಸರಾ ರಜೆಯ ಒಳಗೆ ಮಗಳ ಬಾಯಲ್ಲಿ ಇಂಗ್ಲಿಷ್ ಬರದಿದ್ದರೆ, ಬೆಂಗಳೂರಿನ ಕಡೆ ಅಕ್ಕನ ಮನೆಯ ಹತ್ತಿರ ಒಂದು ಹಾಸ್ಟೆಲ್ ಶಾಲೆ ಇದೆ, ಅಲ್ಲಿಗೆ ಬಿಡುವುದು. ಅಲ್ಲಿ ಇಂಗ್ಲಿಷ್ ಅಲ್ಲದ ಮಾತನ್ನು ಆಡಿದರೆ ದಂಡವಂತೆ. ಆ ವಿಷಯವನ್ನು ಅವಳು ಮೆಚ್ಚುಗೆಯಿಂದಲೇ ಹೇಳಿದಳು. ನಾನು ಕಿಟಕಿಯಿಂದ ಒಳಗೆ ನೋಡಿದೆ. ಏಳು ವರ್ಷದ ಆ ಮಗು ಟಿ.ವಿ.ಯ ಮುಂದೆ ಕುಳಿತು, ತುಟಿಯನ್ನು ಮಾತ್ರ ಆಡಿಸುತ್ತಿತ್ತು. ಇದನ್ನು ಒಯ್ದು ಅಪರಿಚಿತರ ನಡುವೆ ಬಿಟ್ಟರೆ ಆ ತುಟಿಯೂ ನಿಲ್ಲುವುದೆಂದು ನನಗೆ ಖಚಿತವಾಗಿತ್ತು.

ಸಿ.ಆರ್.ಪಿ.ಯವರ ಬಳಿ ಹೋಗಿ, ಒಂದು ಮಾತನ್ನು ತಿದ್ದಿ ಹೇಳಿರೆಂದು ಬೇಡಿಕೊಂಡೆ. ಅಧಿಕಾರಿ ಆಡಿದ್ದನ್ನು ಅಧಿಕಾರಿಯೇ ಹಿಂದಕ್ಕೆ ತೆಗೆದುಕೊಂಡರೆ ಆಕೆ ನಂಬುತ್ತಾಳೆ ಎಂದೆ. ತಾವು ಹೇಳಿದ್ದು ಪ್ರೇರಣೆಗಾಗಿ, ಅದನ್ನು ಯಾರೋ ಪಾಲಿಸಿದರೆ ತಾವೇನು ಮಾಡಲು ಸಾಧ್ಯ ಎಂದು ಅವರು ಕೇಳಿದರು. ಇಷ್ಟು ವರ್ಷಗಳ ಸೇವೆಯಲ್ಲಿ ಇಷ್ಟು ಪ್ರಾಮಾಣಿಕವಾದ ಉತ್ತರವನ್ನು ಯಾವ ಮೇಲಧಿಕಾರಿಯಿಂದಲೂ ನಾನು ಕೇಳಿರಲಿಲ್ಲ. ಹೊರಡುವಾಗ, ಕಳೆದ ಸಭೆಯ ಫೋಟೋಗಳು ಮಸುಕಾಗಿವೆ, ಮತ್ತೆ ಕಳುಹಿಸಿ ಎಂದರು.

ತಾಯಂದಿರು ಸಭೆಗೆ ಬರುವುದಿಲ್ಲ. ಸಭೆಯೇ ತಾಯಂದಿರ ಬಳಿಗೆ ಹೋಗಲಿ ಎಂದು ನಾನು ಯೋಚಿಸಿದ್ದು ಯಾವ ದೊಡ್ಡ ತತ್ತ್ವದಿಂದಲೂ ಅಲ್ಲ, ರೋಸಿಹೋಗಿ. ಒಂದು ಬೆಳಿಗ್ಗೆ ಚಾಂಪಿಯನ್ ನಿಲ್ದಾಣದಲ್ಲಿ ಆ ರೈಲನ್ನು ಹತ್ತಿದೆ. ಬಂಗಾರಪೇಟೆಯಲ್ಲಿ ಇಳಿದು ಬಸ್ಸಿನಲ್ಲಿ ಹಿಂದಿರುಗಿದರೆ ಪ್ರಾರ್ಥನೆಯ ವೇಳೆಗೆ ಶಾಲೆಯಲ್ಲಿರಬಹುದೆಂದು ಲೆಕ್ಕ.

ಹೆಂಗಸರು ತುಂಬಿದ ಡಬ್ಬಿ. ಹೂ ಕಟ್ಟುವವರು, ತಿಂಡಿ ಡಬ್ಬಿ ಬಿಚ್ಚಿದವರು, ತಲೆ ಬಾಚುವವರು. ನನ್ನನ್ನು ಕಂಡು ಒಂದಿಬ್ಬರು ಎದ್ದು ನಿಂತರು. ರೈಲಿನಲ್ಲಿ ಶಿಕ್ಷಕರಿಗೆ ಎದ್ದು ನಿಂತರೆ ಸೀಟು ಹೋಗುತ್ತದೆ ಎಂದು ಮಿಕ್ಕವರು ಅವರನ್ನು ಕೆಳಗೆ ಎಳೆದರು. ಜನರ ನಡುವೆ ನನ್ನನ್ನು ಕಾಣದೆ, ಕಿಟಕಿಯ ಬಳಿ ರತ್ನಮ್ಮ ಮಾತನಾಡುತ್ತಿದ್ದಳು. ಮಾತನಾಡುತ್ತಿದ್ದಳು ಎಂದರೆ ಸಾಲದು. ಆ ಡಬ್ಬಿಯೇ ಅವಳದಾಗಿತ್ತು. ಸುತ್ತಲಿನವರು ಟಗರು, ಟಗರು ಎಂದು ಪೀಡಿಸುತ್ತಿದ್ದರು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.

ಅವಳ ತಂದೆ ಬೇತಮಂಗಲದಿಂದ ಸಂತೆಗೆ ಹೊರಟಾಗ ಸಾಕಿದ ಟಗರು ತಾನೂ ಬಸ್ಸು ಹತ್ತಿದ್ದು, ಟಗರಿನ ಟಿಕೆಟ್ಟನ್ನು ಕಂಡಕ್ಟರನು ತಂದೆಯಿಂದ ಕೇಳಿದಾಗ, ಹತ್ತಿದ್ದು ಅದು, ಅದನ್ನೇ ಕೇಳಪ್ಪ ಎಂದು ತಂದೆ ಹೇಳಿದ್ದು, ಕಂಡಕ್ಟರ್ ಬಗ್ಗಿದಾಗ ಟಗರು ಟಿಕೆಟ್ಟಿನ ಕಟ್ಟನ್ನೇ ಕಚ್ಚಿ ಅಗಿದದ್ದು. ಅವಳು ಕಂಡಕ್ಟರನಾದಳು, ತಂದೆಯಾದಳು, ತಲೆ ತಗ್ಗಿಸಿ ಟಗರೂ ಆದಳು. ಡಬ್ಬಿಗೆ ಡಬ್ಬಿಯೇ ನಕ್ಕಿತು. ನಾನೂ ನಕ್ಕೆ. ನಕ್ಕು ಮುಗಿಯುವ ಮೊದಲೇ ನನ್ನ ಕನ್ನಡಕ ಹಾಕಿಕೊಂಡು ಬಗ್ಗಿದ ಭವ್ಯ ಕಣ್ಣ ಮುಂದೆ ಬಂದಳು.

‘ಈ ಕಥೆಯನ್ನು ನಾನು ಕೇಳಿದ್ದೇನೆ ರತ್ನಮ್ಮ’ ಎಂದೆ.

ಅವಳು ಥಟ್ಟನೆ ಸೆರಗು ಬಿಡಿಸಿಕೊಂಡು, ‘ಮಿಸ್ಸೇ, ನೀವೆಲ್ಲಿ ಇಲ್ಲಿ? ಯಾರ್ ಏಳಿದ್ರು ನಿಮಗೆ?’ ಎಂದಳು.

‘ನಿನ್ನ ಮಗಳು. ಶಾಲೆ ಶುರುವಾದಾಗ. ಈಗ ಅವಳು ಏನನ್ನೂ ಹೇಳುವುದಿಲ್ಲ.’

ಯಾಕೆ, ಮಗುವಿಗೆ ಏನಾಯಿತು ಎಂದು ಪಕ್ಕದವರು ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಜ್ಜಿ ಎದುರು ಮನೆಯ ಜಗುಲಿಯಲ್ಲಿ ಕೂರುವುದನ್ನೂ ಹೇಳಿದೆ. ಪಾರ್ವತಮ್ಮ ಎಂಬ ಹಿರಿಯ ಹೆಂಗಸು ಕಟ್ಟುತ್ತಿದ್ದ ಹೂವನ್ನು ಮಡಿಲಿಗೆ ಹಾಕಿಕೊಂಡು ರತ್ನಮ್ಮನ ಕಡೆ ತಿರುಗಿದರು.

‘ಏನೇ ರತ್ನಾ, ರೈಲೆಲ್ಲಾ ನಗಿಸ್ತೀಯ, ಎತ್ತ ಮಗೀನ್ ಮುಂದೆ ಮೂಗಿಯಾ? ನಿನ್ ಬಾಯಿಗೆ ಬೀಗ ಆಕಿದ್ದು ಯಾರೇ?’

‘ಆಫೀಸರು ಏಳಿದ್ರಕ್ಕ.’

‘ಅವನ್ ಎಂಡ್ತಿ ಅವನ್ ಮಗೂಗೆ ಇಂಗ್ಲೀಷಲ್ಲಿ ಲಾಲಿ ಆಡ್ತಾಳೇನೇ? ಓಗಿ ಕೇಳ್ಕೊಂಡ್ ಬಾ. ಆಡ್ತಾಳೆ ಅಂದ್ರೆ ನಾನೂ ನಾಳೆಯಿಂದ ಮೂಗಿ.’

ಮತ್ತೆ ನಗು ಎದ್ದಿತು. ಒಬ್ಬಳು ಇಂಗ್ಲಿಷಿನಲ್ಲಿ ಲಾಲಿ ಹಾಡಿಯೇ ತೋರಿಸಿದಳು. ಇನ್ನೊಬ್ಬಳು, ತನ್ನ ಮಗನಿಗೆ ಬೈಗುಳದ ಹೊರತು ಬೇರೆ ಮಾತನ್ನೇ ಆಡಲಿಲ್ಲ, ಆದರೂ ಅವನು ಕಾಲೇಜು ಮುಟ್ಟಿದ ಎಂದಳು. ಎರಡು ತಿಂಗಳಿನಿಂದ ನಾನು ಶುದ್ಧವಾದ ವಾಕ್ಯಗಳಲ್ಲಿ ಹೇಳಿ ಸೋತದ್ದನ್ನು ಆ ಹೆಂಗಸರು ಕೋರಮಂಡಲ್ ದಾಟುವ ಮೊದಲೇ ಹೇಳಿ ಮುಗಿಸಿದ್ದರು. ರತ್ನಮ್ಮ ಮಾತ್ರ ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ಬಂಗಾರಪೇಟೆಯಲ್ಲಿ ನಾನು ಇಳಿದು ಹೊರಟಾಗ ಕಿಟಕಿಯಿಂದ ಕೈ ಚಾಚಿ ನನ್ನ ಸೆರಗು ಹಿಡಿದಳು.

‘ಕಂಡಕ್ಟರ್ ದನಿ ಬೇರೆ ಮಾಡಿ ಏಳ್ತಾಳಾ ಮಿಸ್ಸೇ, ಅವಳೂ?’

‘ಹೇಳುತ್ತಿದ್ದಳು’ ಎಂದೆ. ರೈಲು ಹೊರಟಿತು.

ಈ ಸಭೆಯ ವರದಿಯನ್ನು ನಾನು ನಿಯಮದಂತೆ ಸಲ್ಲಿಸಿದೆ. ಬ್ಯಾನರು ಇಲ್ಲದ್ದರಿಂದಲೂ, ಸಭೆ ನಡೆದ ಸ್ಥಳ ಚಲಿಸುತ್ತಿದ್ದುದರಿಂದಲೂ ಅದನ್ನು ಪರಿಗಣಿಸಲಾಗದು ಎಂದು ತಿಳಿಸಲಾಯಿತು. ಆದರೂ ಆಮೇಲೆ ಆಗಾಗ ಆ ರೈಲನ್ನು ಹತ್ತಿದೆ. ರತ್ನಮ್ಮ ನನ್ನನ್ನು ಕಂಡರೆ ಬೇರೆ ಡಬ್ಬಿಗೆ ಹೋಗುತ್ತಿದ್ದಳು. ಶಾಲೆಯಲ್ಲಿ ಭವ್ಯ ಹಾಗೆಯೇ ಇದ್ದಳು. ದಸರಾ ಹತ್ತಿರವಾಯಿತು.

ರಜೆ ಆರಂಭವಾಗುವ ಹಿಂದಿನ ದಿನ ಸಿ.ಆರ್.ಪಿ.ಯವರು ಮಕ್ಕಳ ಮೌಖಿಕ ಪರೀಕ್ಷೆಗೆ ಬಂದರು. ಅದೇ ಮಧ್ಯಾಹ್ನ ರತ್ನಮ್ಮ ಅತ್ತೆಯನ್ನು ಕರೆದುಕೊಂಡು ತರಗತಿಯ ಬಾಗಿಲಿಗೆ ಬಂದು ನಿಂತಳು. ಅವಳ ಕೈಯಲ್ಲಿ ತುಂಬಿದ ಬಟ್ಟೆಯ ಬ್ಯಾಗು. ಮಗುವನ್ನು ಹಾಸ್ಟೆಲಿಗೆ ಬಿಡಲು ಹೊರಟಿದ್ದಾಳೆಂದುಕೊಂಡೆ.

ಸಿ.ಆರ್.ಪಿ.ಯವರು ಭವ್ಯಳನ್ನು ಕರೆದು ಹೆಸರು ಕೇಳಿದರು, ಉತ್ತರವಿಲ್ಲ. ಏನು ತಿಂದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು, ಇಲ್ಲ. ಬೇಸರದಿಂದ ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಹಿಡಿದರು. ಬಸ್ಸಿನ ಚಿತ್ರ ಬಂದಾಗ ಅವಳು ಮೆಲ್ಲನೆ, ಬಸ್ ಎಂದಳು. ಮುಂದಿನ ಕಾರ್ಡಿನಲ್ಲಿ ಕುರಿ ಇತ್ತು. ಅವಳು ಅದನ್ನು ನೋಡಿದಳು, ಬಸ್ಸಿನ ಕಾರ್ಡನ್ನು ನೋಡಿದಳು.

‘ಟಗರು’ ಎಂದಳು. ಆಮೇಲೆ, ‘ಶೀಪ್ ಕಮ್. ಶೀಪ್ ಬಸ್ ಅತ್ತಿಂಗ್. ಬೇತಮಂಗಲ ಬಸ್‌ಸ್ಟ್ಯಾಂಡ್. ಕಂಡಕ್ಟರ್ ಸೇ, ಟಿಕೆಟ್!’

ಕೊನೆಯ ಮಾತಿಗೆ ಅವಳ ದನಿ ದಪ್ಪಗಾಗಿತ್ತು. ಸಿ.ಆರ್.ಪಿ.ಯವರು ಕಾರ್ಡನ್ನು ಕೆಳಗಿಳಿಸಿ, ಮಿಶ್ರ ಭಾಷೆ ಆಡಬಾರದೆಂದು ತಿದ್ದಲು ಬಾಯಿ ತೆರೆದರು. ಆದರೆ ಬಾಗಿಲಿನಿಂದ ರತ್ನಮ್ಮನ ತಿದ್ದುಪಡಿ ಮೊದಲೇ ಬಂತು.

‘ಬಸ್‌ಸ್ಟ್ಯಾಂಡ್ ಎಲ್ಲೇ? ಕೆರೆ ಕಟ್ಟೆ ಮೇಲೆ ಅತ್ತಿದ್ದು ಅಂತ ಮೊನ್ನೆ ರಾತ್ರಿ ತಾನೇ ನಾನು ಏಳ್ಲಿಲ್ವಾ?’

‘ಕಾದಮ್ಮಾ, ಕಾದು’ ಎಂದು ಭವ್ಯ ತೆಲುಗಿನಲ್ಲಿ ತಾಯಿಯನ್ನು ಅಲ್ಲಗಳೆದಳು. ಕಟ್ಟೆಯ ಮೇಲೆ ಬಸ್ಸು ನಿಲ್ಲುವುದೇ ಇಲ್ಲ, ನಿಲ್ಲದ ಬಸ್ಸನ್ನು ಟಗರು ಹೇಗೆ ಹತ್ತಿತು ಎಂದು ಕೇಳಿದಳು. ಆಗ ನಿಲ್ಲುತ್ತಿತ್ತು ಎಂದಳು ತಾಯಿ. ಅಜ್ಜಿ ನಡುವೆ ಬಾಯಿ ಹಾಕಿ, ಟಗರಿನ ಕಥೆಯೇ ಸುಳ್ಳು ಎಂದು ತಮಿಳಿನಲ್ಲಿ ಬೀಗರ ಮಾನ ಕಳೆದರು. ತಾಯಿ, ಮಗಳು ಇಬ್ಬರೂ ಒಂದಾಗಿ ಅಜ್ಜಿಯ ಮೇಲೆ ಬಿದ್ದರು. ಮಕ್ಕಳು ಬೆಂಚಿನ ಮೇಲೆ ಹತ್ತಿ, ಕಟ್ಟೆ, ಬಸ್‌ಸ್ಟ್ಯಾಂಡ್ ಎಂದು ಎರಡು ಪಕ್ಷಗಳಾಗಿ ಕೂಗಿದರು. ಸಿ.ಆರ್.ಪಿ.ಯವರು ಸೈಲೆನ್ಸ್ ಎಂದು ಮೇಜು ಗುದ್ದಿದರು. ಅದು ಇಂಗ್ಲಿಷಿನಲ್ಲಿದ್ದರೂ ಯಾರೂ ಕಿವಿಗೊಡಲಿಲ್ಲ.

ನಾನು ಬಾಗಿಲ ಬಳಿ ಹೋಗಿ ಬ್ಯಾಗನ್ನು ತೋರಿಸಿ, ಅಕ್ಕನ ಮನೆಗೇ ಎಂದು ಕೇಳಿದೆ.

‘ಅಕ್ಕನ್ ಮನೆಗೆ ಅಂತಾನೇ ಕಟ್ಟಿದ್ದೆ ಮಿಸ್ಸೇ’ ಎಂದಳು ರತ್ನಮ್ಮ. ನನ್ನ ಕಡೆ ನೋಡಲಿಲ್ಲ. ಕಣ್ಣು ಮಗಳ ಮೇಲೆಯೇ ಇತ್ತು. ‘ಬಾರೇ ಇಲ್ಲಿ. ಊರಿಗೆ ಓಗಾನ ನಡಿ. ಎಲ್ ಅತ್ತಿದ್ದು ಅಂತ ನಿಮ್ ತಾತನ್ನೇ ಕೇಳೀಯಂತೆ.’

ಬೇತಮಂಗಲದ ಬಸ್ಸಿಗೆ ಮೂವರೂ ಹೊರಟರು. ಗೇಟು ದಾಟಿ, ದಿಬ್ಬದ ತಿರುವಿನವರೆಗೂ ಅವರ ಜಗಳ ಮೂರು ಭಾಷೆಗಳಲ್ಲಿ ಕೇಳಿಸುತ್ತಿತ್ತು. ನನ್ನ ಬೆನ್ನ ಹಿಂದೆ ಸಿ.ಆರ್.ಪಿ.ಯವರು, ಪೋಷಕರು ತಾವಾಗಿಯೇ ಶಾಲೆಗೆ ಬಂದಿದ್ದರಲ್ಲ ಮೇಡಂ, ಫೋಟೋ ತೆಗೆದಿರಾ ಎಂದು ಕೇಳಿದರು.

ತೆಗೆದಿರಲಿಲ್ಲ.